ಆಟದ ಬಯಲು ಬರೆದವರು ಯಾರು?

ಗದಗದಿಂದ ಲಕ್ಷ್ಮೇಶ್ವರದ ಕಡೆಗೆ ಹೋಗುವ ಹಾದಿಯಲ್ಲಿರುವ ಮುಳಗುಂದದಲ್ಲಿ ಸಂಜೆ ಹೊತ್ತು ಕಟ್ಟೆಯೊಂದರ ಮೇಲೆ ನಾಲ್ವರು ಹುಡುಗರು ತಲೆ ತಗ್ಗಿಸಿ ಕುಳಿತಿದ್ದಾರೆ. ನಾಲ್ವರ ಕೈಯಲ್ಲೂ ಮೊಬೈಲು. ಒಬ್ಬರ ಮುಖವನ್ನು ಒಬ್ಬರು ನೋಡುತ್ತಿಲ್ಲ. ಆದರೆ ಮಾತು ಮಾತ್ರ ನಿಂತಿಲ್ಲ. "ಎಡಕ್ಕ ನೋಡೋ, ಗ್ವಾಡಿ ಹಿಂದ ಒಬ್ಬ ಅದಾನ." "ಏ, ಸೇತುವಿ ದಾಟಬ್ಯಾಡ, ಅಲ್ಲಿ ಕಾಯಾಕತ್ತಾರ." ಹಾದು ಹೋಗುವ ಹಿರಿಯರು ಒಮ್ಮೆ ನಿಂತು ನೋಡುತ್ತಾರೆ. ಯಾವ ಗೋಡೆ, ಯಾವ ಸೇತುವೆ? ಈ ಹುಡುಗರು ಹೇಳುವ ಸೇತುವೆಯನ್ನು ಊರಲ್ಲಿ ಯಾರೂ ಕಂಡಿಲ್ಲ.

ಆ ಸೇತುವೆ ಇರುವುದು ‘ಎರಾಂಗೆಲ್’ ಎಂಬ ದ್ವೀಪದಲ್ಲಿ. ಎಂಟು ಕಿಲೋಮೀಟರು ಉದ್ದ, ಎಂಟು ಕಿಲೋಮೀಟರು ಅಗಲದ ಈ ನೆಲ ಭೂಪಟದಲ್ಲಿ ಎಲ್ಲಿಯೂ ಇಲ್ಲ. ‘ಪಬ್ಜಿ’ ಎಂದು ನಾವೆಲ್ಲ ಕೇಳಿರುವ ಆಟದ ರಣಭೂಮಿ ಅದು. ನೂರು ಮಂದಿ ವಿಮಾನದಿಂದ ಧುಮುಕಿ, ಹುಡುಕಿ ಹುಡುಕಿ ಒಬ್ಬರನ್ನೊಬ್ಬರು ಉರುಳಿಸಿ, ಕೊನೆಗೆ ಉಳಿದವರು ಗೆದ್ದಂತೆ. ಮಿಲಿಟರಿ ನೆಲೆಯಿರುವ ದಕ್ಷಿಣದ ನಡುಗಡ್ಡೆಗೆ ಹೋಗಲು ಸೇತುವೆ ದಾಟಬೇಕು. ದಾಟುವವರನ್ನು ಕಾಯುತ್ತ ಕೂರುವವರು ಯಾವಾಗಲೂ ಇರುತ್ತಾರೆ. ನಮ್ಮ ಹುಡುಗರಿಗೆ ಈ ದ್ವೀಪದ ಓಣಿ ಓಣಿಯೂ ಗೊತ್ತು.

ಈ ದ್ವೀಪವನ್ನು ಬರೆದವರು ಯಾರು? ಆಟವಾಡುವವರಲ್ಲಿ ಹೆಚ್ಚಿನವರು ಈ ಪ್ರಶ್ನೆ ಕೇಳಿಕೊಂಡಿರುವುದಿಲ್ಲ. ಆದರೆ ಇಂಥ ಆಟಗಳ ಚರಿತ್ರೆಯ ಕೀಲಿಕೈ ಇರುವುದು ಇದೇ ಪ್ರಶ್ನೆಯಲ್ಲಿ. ಸುಮಾರು ಎರಡು ದಶಕಗಳ ಕಾಲ ಈ ರಣಭೂಮಿಗಳಲ್ಲಿ ಬಹುಪಾಲನ್ನು ಬರೆದವರು ಕಂಪನಿಗಳ ನೌಕರರಲ್ಲ, ಆಡುವ ಹುಡುಗರೇ.

ಮುಂದೆ ಹೋಗುವ ಮುನ್ನ ಒಂದು ಮಾತು. ಮ್ಯಾಪು, ಸರ್ವರು, ಕ್ಲಾನು ಮುಂತಾದ ಪದಗಳು ಈ ಬರಹದಲ್ಲಿ ಬಂದೇ ಬರುತ್ತವೆ. ಮುಳಗುಂದದಲ್ಲಿ ಕುಳಿತು 1112ರಲ್ಲಿ ‘ಧರ್ಮಾಮೃತ’ ಬರೆದ ನಯಸೇನ, ಕನ್ನಡಕ್ಕೆ ಸಂಸ್ಕೃತವನ್ನು ತುರುಕುವವರನ್ನು ಮೂದಲಿಸಿದ ಕವಿ. ಅವನ ಊರಿನ ಹುಡುಗರ ಇಂದಿನ ಮಾತು ಕೇಳಿದ್ದರೆ ಏನೆನ್ನುತ್ತಿದ್ದನೋ! ಹುಡುಗರು ಆಡುವ ಮಾತಿನಲ್ಲೇ ಹೇಳಬೇಕಾದ ಕಥೆಯಿದು ಎಂದು ಓದುಗರು ಮನ್ನಿಸಬೇಕು.

ಕಲ್ಲಿನ ಮೇಲಿನ ಮನೆಗಳು

ಆಡುವವರೇ ಬಯಲು ಬರೆದುಕೊಳ್ಳುವುದು ನಮಗೇನು ಹೊಸದಲ್ಲ. ಕುಂಟೆಬಿಲ್ಲೆಯ ಮನೆಗಳನ್ನು ಬರೆಯಲು ಒಂದು ಇದ್ದಿಲ ಚೂರು ಸಾಕು. ಚೌಕಾಬಾರದ ಮನೆಗಳನ್ನು ಬರೆಯಲು ಸೀಮೆಸುಣ್ಣ ಸಾಕು. ಹಂಪಿಯ ಗುಡಿ ಮಂಟಪಗಳ ನೆಲಹಾಸಿನ ಮೇಲೆ ಯಾರೋ ಬಿಡುವಿನಲ್ಲಿ ಕೊರೆದ ಆಟದ ಮನೆಗಳು ಇವತ್ತಿಗೂ ಕಾಣುತ್ತವೆ. ಅವುಗಳ ಮೇಲೆ ಕೊರೆದವನ ಹೆಸರಿಲ್ಲ. ಆಡಬೇಕೆನಿಸಿದವನು ಕೊರೆದ, ಬಂದವರು ಆಡಿದರು.

ಮನೆ ಬರೆಯುವುದನ್ನೇ ಒಂದು ವಿದ್ಯೆಯನ್ನಾಗಿ ಬೆಳೆಸಿದವರೂ ನಮ್ಮಲ್ಲಿದ್ದರು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) ಚದುರಂಗದ ಕುದುರೆ ಪ್ರತಿ ಮನೆಯನ್ನೂ ಒಮ್ಮೊಮ್ಮೆ ಮಾತ್ರ ಮುಟ್ಟಿ ಬರುವ ಬಂಧಗಳನ್ನು ರಚಿಸಿದರು. ಹೊಸ ಹೊಸ ಆಟಗಳಿಗೆ ಹೊಸ ಹೊಸ ಪಟಗಳನ್ನು ಯೋಚಿಸಿದರು. ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಎಂಬ ಭಾಗ ಆಟಗಳಿಗೇ ಮೀಸಲು. ಅರಸನಿರಲಿ ಹಂಪಿಯ ಅನಾಮಿಕನಿರಲಿ, ಇಬ್ಬರಿಗೂ ಗೊತ್ತಿದ್ದ ಸಂಗತಿ ಒಂದೇ: ಆಟದ ನಿಯಮ ಅರ್ಧ ಬಾಯಲ್ಲಿರುತ್ತದೆ, ಇನ್ನರ್ಧ ನೆಲದ ಮೇಲಿರುತ್ತದೆ. ಮನೆ ಬದಲಾದರೆ ಆಟವೇ ಬದಲಾಗುತ್ತದೆ.

ಬಾಗಿಲು ತೆರೆದಿಟ್ಟ ‘ಡೂಮ್’

ಕಂಪ್ಯೂಟರಿನಲ್ಲಿ ಬಂದೂಕು ಹಿಡಿದು ಓಡಾಡುವ ಆಟಗಳಿಗೆ ಈ ಗುಣ ಬಂದದ್ದು 1993ರ ಡಿಸೆಂಬರ್ 10ರಂದು. ಅಮೆರಿಕದ ಟೆಕ್ಸಾಸ್ ರಾಜ್ಯದ ‘ಇಡ್ ಸಾಫ್ಟ್‌ವೇರ್’ ಎಂಬ ಪುಟ್ಟ ಕಂಪನಿ ಅಂದು ‘ಡೂಮ್’ ಎಂಬ ಆಟವನ್ನು ಹೊರತಂದಿತು. ಮೊದಲ ಭಾಗ ಪುಕ್ಕಟೆ. ಮೆಚ್ಚಿದವರು ಉಳಿದ ಭಾಗಗಳನ್ನು ಹಣ ಕೊಟ್ಟು ತರಿಸಿಕೊಳ್ಳಬೇಕು. ನಾಲ್ವರು ತಮ್ಮ ತಮ್ಮ ಕಂಪ್ಯೂಟರುಗಳನ್ನು ತಂತಿಯಿಂದ ಜೋಡಿಸಿ ಎದುರುಬದುರಾಗಿ ಆಡಬಹುದಿತ್ತು. ಹೀಗೆ ಪರಸ್ಪರ ಹೊಡೆದಾಡುವ ಪಂದ್ಯಕ್ಕೆ ‘ಡೆತ್‌ಮ್ಯಾಚ್’ ಎಂದು ಹೆಸರಿಟ್ಟವನು ಆಟದ ಕರ್ತೃಗಳಲ್ಲೊಬ್ಬನಾದ ಜಾನ್ ರೊಮೆರೊ.

ಇನ್ನೊಬ್ಬ ಕರ್ತೃ ಜಾನ್ ಕಾರ್ಮ್ಯಾಕ್ ಮಾಡಿದ ಒಂದು ಏರ್ಪಾಟು ಮುಂದಿನ ಚರಿತ್ರೆಯನ್ನೇ ತಿರುಗಿಸಿತು. ಆಟವನ್ನು ನಡೆಸುವ ಯಂತ್ರಭಾಗ ಒಂದು ಕಡೆ. ಗೋಡೆ, ಬಾಗಿಲು, ಮೆಟ್ಟಿಲುಗಳ ನಕ್ಷೆ ಮತ್ತು ಚಿತ್ರಗಳು ಇನ್ನೊಂದು ಕಡತದಲ್ಲಿ. ಗಾಣ ಅದೇ ಇರಲಿ, ಕಾಳು ಮಾತ್ರ ಬೇರೆ ಹಾಕಿ ಎಂದಂತೆ. ನಕ್ಷೆಯ ಕಡತವನ್ನು ಬದಲಾಯಿಸಿದರೆ ಅದೇ ಆಟ ಬೇರೆ ಊರಿನಲ್ಲಿ ನಡೆಯುತ್ತದೆ. ಆ ಕಡತದ ಒಳಗುಟ್ಟನ್ನು ಆಟಗಾರರು ತಾವೇ ಬಿಡಿಸಿಕೊಂಡರು. ಕೆಲವೇ ವಾರಗಳಲ್ಲಿ, 1994ರ ಆರಂಭಕ್ಕೆ, ನ್ಯೂಜಿಲೆಂಡಿನ ಬ್ರೆಂಡನ್ ವೈಬರ್ ಮತ್ತು ಬೆಲ್ಜಿಯಮ್ಮಿನ ರಫಾಯೆಲ್ ಕಿನೆ ಎಂಬವರು, ಭೂಮಿಯ ಎರಡು ತುದಿಗಳಲ್ಲಿದ್ದುಕೊಂಡೇ, ನಕ್ಷೆ ಬರೆಯುವ ಸಲಕರಣೆಯೊಂದನ್ನು ಸಿದ್ಧಪಡಿಸಿ ಎಲ್ಲರಿಗೂ ಹಂಚಿದರು. ಕಂಪನಿ ಕೇಳಿದ್ದು ಒಂದೇ: ನಿಮ್ಮ ನಕ್ಷೆಗಳು ಹಣ ಕೊಟ್ಟು ಕೊಂಡ ಆಟದಲ್ಲಿ ಮಾತ್ರ ನಡೆಯುವಂತಿರಲಿ, ಪುಕ್ಕಟೆ ಭಾಗದಲ್ಲಿ ಬೇಡ. ಆಟಗಾರರು ಒಪ್ಪಿದರು.

ಮೊದಲ ತಕರಾರು ಹುಟ್ಟಲು ತಡವಾಗಲಿಲ್ಲ. ‘ಟೀಮ್ ಟಿಎನ್‌ಟಿ’ ಎಂಬ ಹವ್ಯಾಸಿಗಳ ಗುಂಪು ಪತ್ರವ್ಯವಹಾರದಿಂದಲೇ ಒಟ್ಟುಗೂಡಿ 32 ನಕ್ಷೆಗಳ ಒಂದು ಕಟ್ಟನ್ನು ಮಾಡಿತ್ತು. ಪುಕ್ಕಟೆಯಾಗಿ ಹಂಚುವುದೆಂದು ಸಾರಿಯೂ ಆಗಿತ್ತು. 1995ರ ಕೊನೆಗೆ, ಇನ್ನೇನು ಹಂಚಬೇಕು ಎನ್ನುವಾಗ, ಇಡ್ ಕಂಪನಿ ಅದನ್ನು ಕೊಂಡುಕೊಂಡಿತು. 1996ರಲ್ಲಿ ‘ಫೈನಲ್ ಡೂಮ್’ ಎಂಬ ಹೆಸರಿನಲ್ಲಿ ಅಂಗಡಿಗೆ ಬಂತು. ಬರೆದವರಿಗೆ ಮನ್ನಣೆ ಸಿಕ್ಕಿತೆಂದು ಕೆಲವರು ಹಿಗ್ಗಿದರು, ಎಲ್ಲರಿಗೂ ಸೇರಬೇಕಾದದ್ದು ಮಾರಾಟವಾಯಿತೆಂದು ಹಲವರು ಸಿಟ್ಟಾದರು. ಬಯಲು ಯಾರದ್ದು ಎಂಬ ಪ್ರಶ್ನೆ ಅಂದೇ ಎದ್ದಿತು.

ಗರಡಿಗಳೂ ವಸ್ತಾದರೂ

1996ರ ಜೂನ್‌ನಲ್ಲಿ ಬಂದ ‘ಕ್ವೇಕ್’ ಅಂತರಜಾಲದ ಮೂಲಕವೇ ದೂರದವರೊಡನೆ ಆಡುವುದನ್ನು ಸಾಧ್ಯಗೊಳಿಸಿತು. ಆಟ ನಡೆಯಲು ಎಲ್ಲೋ ಒಂದು ಕಂಪ್ಯೂಟರು ಸದಾ ಎಚ್ಚರವಾಗಿದ್ದು ಎಲ್ಲರ ಚಲನೆಯ ಲೆಕ್ಕ ಇಡಬೇಕು. ಅದೇ ಸರ್ವರು. ಅದನ್ನು ಇಟ್ಟುಕೊಂಡವರು ಆಟಗಾರರೇ. ಒಬ್ಬ ವಿದ್ಯಾರ್ಥಿ, ಒಂದು ಕಾಲೇಜಿನ ಪ್ರಯೋಗಾಲಯ, ನಾಲ್ಕು ಮಂದಿ ಗೆಳೆಯರು ಕೂಡಿ ಬಾಡಿಗೆ ಹಿಡಿದ ಯಂತ್ರ. ನಮ್ಮ ಕಡೆಯ ಗರಡಿಮನೆಯನ್ನು ನೆನೆದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಸರ್ವರು ಎಂದರೆ ಗರಡಿ. ಅದನ್ನು ನಡೆಸುವವನು ವಸ್ತಾದ. ಅಲ್ಲಿ ದಿನವೂ ಬಂದು ಸಾಧನೆ ಮಾಡುವ ತಂಡವೇ ಕ್ಲಾನು. ಮೋಸ ಮಾಡಿದವನನ್ನು, ಬಾಯಿ ಹೊಲಸು ಮಾಡಿದವನನ್ನು ವಸ್ತಾದ ಹೊರಗೆ ಹಾಕುತ್ತಿದ್ದ. ಯಾವ ಮ್ಯಾಪು ಯಾವಾಗ ಎಂದು ಅವನೇ ತೀರ್ಮಾನಿಸುತ್ತಿದ್ದ.

ಈ ಗುಂಪುಗಳಿಂದಲೇ ಪಂದ್ಯಾಟಗಳು ಹುಟ್ಟಿದವು. 1996ರಲ್ಲಿ ಟೆಕ್ಸಾಸ್‌ನ ಗಾರ್ಲೆಂಡ್ ಊರಿನಲ್ಲಿ ಆಟಗಾರರು ತಮ್ಮ ಕಂಪ್ಯೂಟರುಗಳನ್ನು ಹೊತ್ತು ತಂದು ಒಂದು ಹೋಟೆಲಿನಲ್ಲಿ ಸೇರಿದ್ದೇ ಮುಂದೆ ‘ಕ್ವೇಕ್‌ಕಾನ್’ ಎಂಬ ದೊಡ್ಡ ಜಾತ್ರೆಯಾಯಿತು. 1997ರಲ್ಲಿ ಅಟ್ಲಾಂಟಾದಲ್ಲಿ ನಡೆದ ಕ್ವೇಕ್ ಪಂದ್ಯಾಟದ ಅಂತಿಮ ಸುತ್ತಿನಲ್ಲಿ ಗೆದ್ದ ಡೆನಿಸ್ ಫಾಂಗ್ ಎಂಬ ತರುಣನಿಗೆ ಜಾನ್ ಕಾರ್ಮ್ಯಾಕ್ ತನ್ನ ಸ್ವಂತ ಕೆಂಪು ಫೆರಾರಿ ಕಾರನ್ನೇ ಬಹುಮಾನವಾಗಿ ಕೊಟ್ಟ. ಜಟ್ಟಿಗೆ ಬೆಳ್ಳಿ ಕಡಗ ಕೊಡುವ ಪದ್ಧತಿಯ ಇನ್ನೊಂದು ರೂಪವದು!

ಒಳ್ಳೆಯ ಮ್ಯಾಪು ಎಂದರೇನು?

ಇದನ್ನು ತಿಳಿಯಲು ‘ಕೌಂಟರ್-ಸ್ಟ್ರೈಕ್’ ಆಟವನ್ನು ನೋಡಬೇಕು. ಆ ಆಟವೇ ಹವ್ಯಾಸಿಗಳ ಕೂಸು. ಕೆನಡಾದ ವಿದ್ಯಾರ್ಥಿ ಮಿನ್ ಲೆ ಮತ್ತು ಅವನ ಗೆಳೆಯ ಜೆಸ್ ಕ್ಲಿಫ್, ವಾಲ್ವ್ ಕಂಪನಿಯ ‘ಹಾಫ್-ಲೈಫ್’ ಆಟವನ್ನು ಬುನಾದಿಯಾಗಿಟ್ಟುಕೊಂಡು 1999ರ ಜೂನ್‌ನಲ್ಲಿ ಇದನ್ನು ಪುಕ್ಕಟೆಯಾಗಿ ಹೊರಬಿಟ್ಟರು. ಅದು ಎಷ್ಟು ಬೇಗ ಹಬ್ಬಿತೆಂದರೆ ವಾಲ್ವ್ ಕಂಪನಿ ಅವರಿಬ್ಬರನ್ನೂ ತನ್ನೊಳಗೆ ಸೇರಿಸಿಕೊಂಡು 2000ದಲ್ಲಿ ಆಟವನ್ನು ತಾನೇ ಪ್ರಕಟಿಸಿತು.

ಪಂದ್ಯದಲ್ಲಿ ಐದೈದು ಜನರ ಎರಡು ತಂಡ. ಒಂದು ತಂಡ ಗೊತ್ತುಪಡಿಸಿದ ಎರಡು ತಾಣಗಳಲ್ಲಿ ಒಂದರಲ್ಲಿ ಬಾಂಬು ಇಡಬೇಕು; ಇನ್ನೊಂದು ತಂಡ ತಡೆಯಬೇಕು. ಕೇಳಲು ಸರಳ. ಆದರೆ ಇದಕ್ಕೆ ನೆಲ ಬರೆಯುವುದು ಕಠಿಣ. ಎರಡು ತಂಡಗಳೂ ಹೊರಟ ಜಾಗದಿಂದ ಓಡಿ ಬಂದು ಎದುರಾಗುವ ತಿರುವು ಎಲ್ಲಿರಬೇಕು? ತಡೆಯುವವರು ಐದು ಸೆಕೆಂಡು ಮೊದಲೇ ತಲುಪಿಬಿಟ್ಟರೆ ಆಟ ಕೆಡುತ್ತದೆ, ತಡವಾದರೂ ಕೆಡುತ್ತದೆ. ಒಂದು ಗೋಡೆ ಎರಡಡಿ ಎತ್ತರವಾದರೆ ಅದರ ಹಿಂದೆ ಕೂತವನನ್ನು ಎಬ್ಬಿಸುವವರಿಲ್ಲ. ಒಂದು ಕಿಂಡಿ ಹೆಚ್ಚಾದರೆ ಅಡಗಲು ಜಾಗವಿಲ್ಲ. ಎಷ್ಟೇ ತೂಗಿ ಬರೆದರೂ ಒಂದು ಕಡೆಗೆ ತುಸು ವಾಲುವುದು ಸಹಜ. ಅದಕ್ಕೇ, ಕಬಡ್ಡಿಯಲ್ಲಿ ಅರ್ಧ ಆಟಕ್ಕೆ ಅಂಕಣ ಬದಲಾಯಿಸುವಂತೆ, ಇಲ್ಲಿಯೂ ತಂಡಗಳು ಪಕ್ಷ ಬದಲಾಯಿಸುತ್ತವೆ.

ಈ ಹದವನ್ನು ಹಿಡಿದವನು ಇಂಗ್ಲೆಂಡಿನಲ್ಲಿದ್ದ ಡೇವಿಡ್ ಜಾನ್ಸ್ಟನ್ ಎಂಬ ಹದಿಹರೆಯದ ಹುಡುಗ. ಇನ್ನೂ ಬಿಡುಗಡೆಯಾಗದ ಬೇರೊಂದು ಆಟದ ಕೆಲವು ಚಿತ್ರಗಳನ್ನು ನೋಡಿ, ಮರಳುಗಾಡಿನ ಊರಿನ ಬಣ್ಣ ಹಿಡಿದು, 1999ರಲ್ಲಿ ‘ಡಸ್ಟ್’ ಎಂಬ ಮ್ಯಾಪು ಬರೆದ. 2001ರಲ್ಲಿ ‘ಡಸ್ಟ್ 2’ ಬಂತು. ಎರಡು ತಾಣ, ನಡುವೆ ಒಂದು ಹಾದಿ, ಆ ಹಾದಿಗೆ ಅಡ್ಡ ಒಂದು ಜೋಡಿ ಬಾಗಿಲು, ಕತ್ತಲ ಸುರಂಗ, ಉದ್ದನೆಯ ಓಣಿ. ಹೆಚ್ಚೇನಿಲ್ಲ. ಒಮ್ಮೆ ಸುತ್ತಿ ಬಂದವನಿಗೆ ದಾರಿ ತಪ್ಪುವುದಿಲ್ಲ. ಸಾವಿರ ಸಲ ಆಡಿದವನಿಗೂ ಬೇಸರವಾಗುವುದಿಲ್ಲ. ಕೌಂಟರ್-ಸ್ಟ್ರೈಕ್ ಹಲವು ಅವತಾರ ಎತ್ತಿ 2023ರಲ್ಲಿ ‘ಕೌಂಟರ್-ಸ್ಟ್ರೈಕ್ 2’ ಆದಾಗಲೂ ‘ಡಸ್ಟ್ 2’ ಜೊತೆಗೇ ಬಂತು.

ಇಂಥ ಮ್ಯಾಪುಗಳು ಒಬ್ಬನ ಜಾಣತನದಿಂದ ಮಾತ್ರ ಆದವಲ್ಲ. ಬರೆದವನು ಗುಂಪಿನ ಮುಂದಿಡುತ್ತಿದ್ದ. ಗುಂಪು ಆಡಿ, ಬೈದು, ಇಲ್ಲಿ ಗೋಡೆ ಸರಿಸು, ಅಲ್ಲಿ ಪೆಟ್ಟಿಗೆ ಇಡು ಎನ್ನುತ್ತಿತ್ತು. ತಿದ್ದಿ ಮತ್ತೆ ತರುತ್ತಿದ್ದ. ಕೆಟ್ಟ ಮ್ಯಾಪುಗಳು ಯಾರೂ ಆಡದೆ ತಾವಾಗಿ ಸಾಯುತ್ತಿದ್ದವು. ಗರತಿಯರ ಹಾಡುಗಳು ಬೀಸುಕಲ್ಲಿನಿಂದ ಬೀಸುಕಲ್ಲಿಗೆ ಹೋಗುತ್ತ ನುಣುಪಾದ ರೀತಿಯೂ ಹೀಗೆಯೇ ಅಲ್ಲವೇ?

ಕರ್ನಾಟಕಕ್ಕೆ ಬಂದ ಬಗೆ

ನಮ್ಮ ದೇಶದಲ್ಲಿ ಅಂತರಜಾಲ ಸಾರ್ವಜನಿಕರಿಗೆ ಸಿಕ್ಕಿದ್ದು 1995ರ ಆಗಸ್ಟ್ 15ರಂದು. ಮನೆಯ ಫೋನಿನ ತಂತಿಯ ಮೂಲಕ ಬರುತ್ತಿದ್ದ ಆ ನಿಧಾನದ ಸಂಪರ್ಕದಲ್ಲಿ ಇಂಥ ಆಟ ಆಡುವುದು ಕನಸಿನ ಮಾತು. ಹೀಗಾಗಿ ಇಲ್ಲಿ ಆಟ ಬೆಳೆದದ್ದು ಒಂದೇ ಕೋಣೆಯ ಕಂಪ್ಯೂಟರುಗಳನ್ನು ತಂತಿಯಿಂದ ಬೆಸೆದ ಸೈಬರ್ ಕೆಫೆಗಳಲ್ಲಿ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಹಾಸ್ಟೆಲುಗಳಲ್ಲಿ. 2000ದ ನಂತರದ ದಶಕದಲ್ಲಿ ಬೆಂಗಳೂರು, ಮೈಸೂರು, ಹುಬ್ಬಳ್ಳಿಯಲ್ಲಿ ಓದಿದ ಎಷ್ಟೋ ಮಂದಿ ‘ಡಸ್ಟ್ 2’ದ ಓಣಿಗಳನ್ನು ತಮ್ಮ ಊರಿನ ಓಣಿಗಳಷ್ಟೇ ಬಲ್ಲರು. ಕಾಲೇಜು ಉತ್ಸವಗಳಲ್ಲಿ ರಸಪ್ರಶ್ನೆ, ಭಾವಗೀತೆಗಳ ಜೊತೆಗೆ ಕೌಂಟರ್-ಸ್ಟ್ರೈಕ್ ಪಂದ್ಯವೂ ಸೇರಿತು.

ಇದೇ ಕಾಲಕ್ಕೆ ಬೆಂಗಳೂರಿನಲ್ಲಿ ಇನ್ನೊಂದು ಕೆಲಸ ಸದ್ದಿಲ್ಲದೆ ನಡೆದಿತ್ತು. ರಾಜೇಶ್ ರಾವ್ ಅವರು 1997ರಲ್ಲಿ ಕಟ್ಟಿದ ‘ಧ್ರುವ ಇಂಟರ್‌ಆಕ್ಟಿವ್’ ಸಂಸ್ಥೆಯ ಕಲಾವಿದರು ಹೊರದೇಶಗಳ ಆಟಗಳಿಗೆ ವಾಹನ, ಕಟ್ಟಡ, ಪರಿಸರಗಳನ್ನು ರಚಿಸಿ ಕೊಡುತ್ತಿದ್ದರು. 2019ರಲ್ಲಿ ಅಮೆರಿಕದ ರಾಕ್‌ಸ್ಟಾರ್ ಕಂಪನಿ ಈ ಸಂಸ್ಥೆಯನ್ನು ಕೊಂಡಿತು. ಬರೆಯುವ ಕೈ ನಮ್ಮಲ್ಲಿ ಇರಲಿಲ್ಲವೆಂದಲ್ಲ. ಆ ಕೈ ಕೂಲಿಗೆ ಬರೆಯಿತು. ಆಡುವ ಹುಡುಗರು ಬೇರೆಯವರು ಬರೆದದ್ದನ್ನು ಆಡಿದರು. ಎರಡೂ ಒಂದೇ ಕಟ್ಟೆಯ ಮೇಲೆ ಕೂರಲಿಲ್ಲ.

ಗದಗ, ಶಿರಹಟ್ಟಿ, ಮುಂಡರಗಿಯಂಥ ಕಡೆಗೆ ಈ ಆಟಗಳು ಬಂದದ್ದು ಕಂಪ್ಯೂಟರಿನ ಮೂಲಕವಲ್ಲ. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ಅಗ್ಗವಾಯಿತು. 2018ರಲ್ಲಿ ‘ಪಬ್ಜಿ ಮೊಬೈಲ್’ ಬಂತು. ಇದರ ಹಿನ್ನೆಲೆಯೂ ಸ್ವಾರಸ್ಯಕರ. ಪಬ್ಜಿಯ ಕಲ್ಪನೆ ಐರ್ಲೆಂಡಿನ ಬ್ರೆಂಡನ್ ಗ್ರೀನ್ ಎಂಬವರದು. ಅವರು ಯಾವ ಕಂಪನಿಯವರೂ ಆಗಿರಲಿಲ್ಲ. ‘ಆರ್ಮಾ’ ಎಂಬ ಆಟವನ್ನು ತಿದ್ದಿ ತಮಗೆ ಬೇಕಾದಂತೆ ಮಾಡಿಕೊಂಡ ಹವ್ಯಾಸಿ. ಆ ಮೇಲೆ ದಕ್ಷಿಣ ಕೊರಿಯಾದ ಕಂಪನಿಯೊಂದು ಕರೆಸಿಕೊಂಡಿತು, 2017ರಲ್ಲಿ ಪಬ್ಜಿ ಹೊರಬಂತು. ಎರಾಂಗೆಲ್ ಎಂಬ ಹೆಸರಿನಲ್ಲಿ ಅವರ ಮಗಳು ಎರಿನ್‌ಳ ಹೆಸರು ಅಡಗಿದೆ.

ಆದರೆ ಹವ್ಯಾಸಿಯ ಕೈಯಲ್ಲಿ ಹುಟ್ಟಿದ ಆಟ ಮೊಬೈಲಿಗೆ ಬಂದಾಗ ಹವ್ಯಾಸಿಗಳಿಗೆ ಬಾಗಿಲು ಮುಚ್ಚಿತ್ತು. ಸರ್ವರು ಕಂಪನಿಯದು, ಮ್ಯಾಪು ಕಂಪನಿಯದು. ಗುಂಪುಗಳೇನೋ ಹುಟ್ಟಿದವು, ವಾಟ್ಸಾಪಿನಲ್ಲಿ ತಂಡ ಕಟ್ಟಿ, ‘ರೂಮ್’ ಮಾಡಿ, ಅದರ ಸಂಖ್ಯೆ ಹಂಚಿ ಪಂದ್ಯ ಆಡಿದರು. ಆದರೆ ವಸ್ತಾದನಿಲ್ಲದ ಗರಡಿ ಅದು. ನಮ್ಮ ಕಡೆ ಹೊಲವನ್ನು ಲಾವಣಿಗೆ ಹಾಕಿಕೊಳ್ಳುತ್ತಾರಲ್ಲ, ಹಾಗೆ. ಉಳುವುದು, ಬಿತ್ತುವುದು ನಿಮ್ಮದು. ಉತಾರಿಯಲ್ಲಿ ಹೆಸರು ಬೇರೆಯವರದು.

ಒಂದು ದಿನದಲ್ಲಿ ಇಲ್ಲವಾದ ದ್ವೀಪ

ಇದರ ಅರ್ಥ ತಿಳಿದದ್ದು 2020ರ ಸೆಪ್ಟೆಂಬರ್ 2ರಂದು. ಗಡಿಯಲ್ಲಿ ಚೀನಾದೊಡನೆ ತಿಕ್ಕಾಟ ನಡೆದಿದ್ದ ಆ ದಿನಗಳಲ್ಲಿ ಕೇಂದ್ರ ಸರ್ಕಾರ ಮಾಹಿತಿ ತಂತ್ರಜ್ಞಾನ ಕಾಯಿದೆಯ ಅನ್ವಯ 118 ಆ್ಯಪ್‌ಗಳನ್ನು ನಿರ್ಬಂಧಿಸಿತು. ಅದರಲ್ಲಿ ಪಬ್ಜಿ ಮೊಬೈಲೂ ಒಂದು. 2021ರ ಜುಲೈಯಲ್ಲಿ ಅದೇ ಆಟ ‘ಬಿಜಿಎಂಐ’ ಎಂಬ ಹೊಸ ಹೆಸರಿನಲ್ಲಿ ಬಂತು. 2022ರ ಜುಲೈಯಲ್ಲಿ ಮತ್ತೆ ಮಾಯವಾಯಿತು. 2023ರ ಮೇ ತಿಂಗಳಲ್ಲಿ ಮತ್ತೆ ಪ್ರತ್ಯಕ್ಷವಾಯಿತು. ಅಗ್ಗದ ಮೊಬೈಲುಗಳಲ್ಲೂ ನಡೆಯುತ್ತಿದ್ದ ‘ಫ್ರೀ ಫೈರ್’ 2022ರ ಫೆಬ್ರವರಿಯಲ್ಲಿ ನಿಷೇಧಕ್ಕೆ ಸಿಕ್ಕಿತು. ದೇಶದ ಭದ್ರತೆಯ ಕಾರಣ ಸರ್ಕಾರದ್ದು, ಅದನ್ನು ತೂಗುವುದು ಈ ಬರಹದ ಕೆಲಸವಲ್ಲ. ಗಮನಿಸಬೇಕಾದ್ದು ಇಷ್ಟು: ತಮ್ಮದೇ ಸರ್ವರು, ತಮ್ಮದೇ ಮ್ಯಾಪು ಇದ್ದ ಕೌಂಟರ್-ಸ್ಟ್ರೈಕ್ ಗುಂಪುಗಳು ಯಾವ ಕಂಪನಿ ಬಂದರೂ ಹೋದರೂ ಆಡುತ್ತಲೇ ಇದ್ದವು. ಮೊಬೈಲಿನ ಹುಡುಗರ ತಂಡಗಳಿಗೆ ನಿಲ್ಲಲು ನೆಲವೇ ಉಳಿಯಲಿಲ್ಲ.

ಇನ್ನೊಂದು ಗೊಂದಲವೂ ಇದರೊಡನೆ ಬೆರೆಯಿತು. ಆಟ ಯಾವುದು, ಜೂಜು ಯಾವುದು? ಪಗಡೆಯ ಕಾಲದಿಂದ ನಮ್ಮನ್ನು ಕಾಡಿದ ಪ್ರಶ್ನೆಯಿದು. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದು ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು, ಕೌಶಲದ ಆಟಗಳನ್ನೂ ಸೇರಿಸಿ, ನಿಷೇಧಿಸಿತು. 2022ರ ಫೆಬ್ರವರಿ 14ರಂದು ರಾಜ್ಯ ಹೈಕೋರ್ಟು ಕೌಶಲದ ಆಟವನ್ನು ಜೂಜಿನೊಡನೆ ಸಮೀಕರಿಸಲಾಗದೆಂದು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಗೊಳಿಸಿತು. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಇ-ಕ್ರೀಡೆಗಳನ್ನು ಕ್ರೀಡಾ ಸಚಿವಾಲಯದ ವ್ಯಾಪ್ತಿಗೆ ತಂದಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆ ಗೆರೆಯನ್ನು ಸ್ಪಷ್ಟವಾಗಿ ಎಳೆಯಲು ಹೊರಟಿದೆ: ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟ ನಿಷಿದ್ಧ, ಇ-ಕ್ರೀಡೆಗೆ ಮಾನ್ಯತೆ.

ತಾಯಿತಂದೆಯರ ಆತಂಕ ಸುಳ್ಳಲ್ಲ. ರಾತ್ರಿಯೆಲ್ಲ ಎಚ್ಚರ, ಓದಿಗೆ ಎರವು, ಕಣ್ಣಿಗೆ ಕೇಡು, ಬಾಯಲ್ಲಿ ಗುಂಡಿನ ಮಾತು. ಇವುಗಳನ್ನು ಬದಿಗೆ ಸರಿಸಿ ಆಟವನ್ನು ಹೊಗಳುವಂತಿಲ್ಲ. ಆದರೆ ಬರಿದೇ ಆಡುವವನಿಗೂ ಆಟವನ್ನು ಬಿಚ್ಚಿ ಕಟ್ಟುವವನಿಗೂ ವ್ಯತ್ಯಾಸವಿದೆ. ಮ್ಯಾಪು ಬರೆಯುವ ಹುಡುಗ ಅಳತೆ ಕಲಿಯುತ್ತಾನೆ, ನೆರಳು ಬೆಳಕು ಕಲಿಯುತ್ತಾನೆ. ಎದುರು ಪಕ್ಷದವನ ಕಣ್ಣಿನಿಂದ ನೋಡುವುದನ್ನು ಕಲಿಯುತ್ತಾನೆ. ತನಗೇ ಅನುಕೂಲವಾಗುವಂತೆ ಬರೆದ ಮ್ಯಾಪನ್ನು ಯಾರೂ ಆಡುವುದಿಲ್ಲ ಎಂಬುದು ಅವನಿಗೆ ಬೇಗ ಗೊತ್ತಾಗುತ್ತದೆ. ಇದಕ್ಕಿಂತ ಒಳ್ಳೆಯ ನೀತಿಪಾಠ ಯಾವ ಪಠ್ಯದಲ್ಲಿದೆ?

ಕಂಪನಿಗಳೂ ಈಚೆಗೆ ಕಿಟಕಿಯಷ್ಟನ್ನು ತೆರೆದಿವೆ. ‘ಫ್ರೀ ಫೈರ್ ಮ್ಯಾಕ್ಸ್’ನ ‘ಕ್ರಾಫ್ಟ್‌ಲ್ಯಾಂಡ್’, ಬಿಜಿಎಂಐಯ ‘ವರ್ಲ್ಡ್ ಆಫ್ ವಂಡರ್’ ಎಂಬ ವಿಭಾಗಗಳಲ್ಲಿ ಮೊಬೈಲಿನಲ್ಲೇ ಮ್ಯಾಪು ಬರೆದು ಗೆಳೆಯರನ್ನು ಆಡಲು ಕರೆಯಬಹುದು. ಬರೆದದ್ದು ಕಂಪನಿಯ ಗೋಡೆಯೊಳಗೇ ಉಳಿಯುತ್ತದೆ ಎಂಬುದು ನಿಜ; ಲಾವಣಿಯ ಹೊಲವೇ ಅದು. ಆದರೂ ನೇಗಿಲು ಹಿಡಿಯಲು ಕಲಿತವನು ಮುಂದೊಂದು ದಿನ ಸ್ವಂತ ಹೊಲ ಕೇಳಿಯಾನು.

ಕಟ್ಟೆಯ ಮೇಲಿನ ಹುಡುಗರ ಬಳಿ ಆ ಸಂಜೆ ನಿಂತ ಹಿರಿಯರೊಬ್ಬರು ಕೇಳಿದರು: "ಅಲ್ಲೋ ತಮ್ಮಾ, ಆ ಸೇತುವಿ ಎಲ್ಲೈತಿ ಅಂತ ಒಂದೀಟು ತೋರಿಸು ನೋಡೂಣು." ಹುಡುಗ ಮೊಬೈಲು ಚಾಚಿದ. ಅವರ ಕಣ್ಣಿಗೆ ಏನೂ ಕಾಣಲಿಲ್ಲ. ಹುಡುಗ ಕಟ್ಟೆಯಿಂದ ಇಳಿದು, ಒಂದು ಕಡ್ಡಿ ಎತ್ತಿಕೊಂಡು, ಮಣ್ಣಿನಲ್ಲಿ ಗೆರೆ ಎಳೆಯತೊಡಗಿದ. "ಇಲ್ಲಿ ನೀರು ಯಜ್ಜಾ, ಇದು ಸೇತುವಿ, ಇದು ನಾವು." ಉಳಿದ ಮೂವರೂ ಇಳಿದು ಬಂದರು. ಸೇತುವೆ ಅಲ್ಲಲ್ಲ, ಇಲ್ಲಿ ಬರುತ್ತದೆ ಎಂದು ಒಬ್ಬ ಗೆರೆ ಅಳಿಸಿದ. ಹಾಗಲ್ಲ ಎಂದು ಇನ್ನೊಬ್ಬ ಕಡ್ಡಿ ಕಸಿದುಕೊಂಡ. ಹಿರಿಯರು ಪಂಜೆ ಎತ್ತಿಕಟ್ಟಿ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತರು. ಸ್ವಲ್ಪ ಹೊತ್ತು ನಾಲ್ಕೂ ಮೊಬೈಲುಗಳು ಕಟ್ಟೆಯ ಮೇಲೆ ಬಿದ್ದೇ ಇದ್ದವು.